ಗೋದಾಮಿನ ಇಲಿಗೆ ಎಷ್ಟು ಜೌಲ್ ಸಾಕು?

ತೊಗರಿ ರಾಶಿ ಮುಗಿದು ಗೋದಾಮುಗಳು ತುಂಬುವ ಹೊತ್ತಿಗೆ ನನಗೆ ಬರುವ ಫೋನುಗಳ ಧಾಟಿ ಬದಲಾಗುತ್ತದೆ. ಎಮ್ಮೆ ಹಾಲು ಇಳಿಸುತ್ತಿಲ್ಲ, ಆಡಿಗೆ ಹೊಟ್ಟೆ ಉಬ್ಬರ ಎನ್ನುವ ಮಾತುಗಳ ನಡುವೆ ಕಪನೂರ ಕಡೆಯ ದಾಲ್ ಮಿಲ್ಲಿನವರು ಯಾರಾದರೊಬ್ಬರು ಕೇಳುತ್ತಾರೆ: "ಡಾಕ್ಟರ್ ಸಾಬ್, ಇಲಿ ಹೊಡಿಲಾಕ ಏರ್‌ಗನ್ ತಗೊಬೇಕಂತ ಮಾಡೀವ್ರಿ. ಯಾವ ಪವರಿಂದು ತಗೊಳ್ಳೋಣು?" ಉತ್ತರ ಅವರೇ ಇಟ್ಟುಕೊಂಡಿರುತ್ತಾರೆ. "ಭಾಳ ಜೋರಿಂದೇ ಇರ್ಲಿ ಅಂತ ನಂದು." ಫೋನಿನಲ್ಲಿ ಅರ್ಧಂಬರ್ಧ ಹೇಳಿ ಮುಗಿಸುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಕೇಳಿದವರಿಗೆ ಇನ್ನು ಮುಂದೆ ಇದನ್ನೇ ಕಳಿಸುತ್ತೇನೆ.

ನಾನು ಬೀದರಿನಲ್ಲಿ ಪಶುವೈದ್ಯ ಓದಿ ಕಲಬುರಗಿಯಲ್ಲಿ ಕೆಲಸ ಮಾಡುವವನು. ಎನ್‌ಸಿಸಿಯಲ್ಲಿ ಹಿಡಿದ ರೈಫಲ್ ಕೈಬಿಡಲಿಲ್ಲ. ಆಮೇಲೂ 10 ಮೀಟರ್ ಏರ್ ರೈಫಲ್ ಅಭ್ಯಾಸ ಉಳಿಸಿಕೊಂಡೆ. ನಮ್ಮ ಸೋದರಮಾವನದು ಸಣ್ಣದೊಂದು ದಾಲ್ ಮಿಲ್ಲು. ಹಾಗಾಗಿ ಈ ಪ್ರಶ್ನೆ ನನಗೆ ಎರಡೂ ಕಡೆಯಿಂದ ಗೊತ್ತು. ಇಲಿ ತೂತು ಮಾಡಿದ ಚೀಲದಿಂದ ಕಾಳು ಸುರಿಯುವುದನ್ನೂ ನೋಡಿದ್ದೇನೆ, ಏರ್‌ಗನ್ ತಗುಲಿದ ಪ್ರಾಣಿಯನ್ನು ಮೇಜಿನ ಮೇಲೆ ಮಲಗಿಸಿಯೂ ನೋಡಿದ್ದೇನೆ.

ಮೊದಲು ಆ ಮೇಜಿನ ಮಾತು. ಎಕ್ಸ್‌ರೇಯಲ್ಲಿ ಸೀಸದ ಛರ್ರಾ, ಅಂದರೆ ಏರ್‌ಗನ್ನಿನ ಪೆಲೆಟ್ಟು, ಅಚ್ಚ ಬಿಳಿಯಾಗಿ ಕಾಣುತ್ತದೆ, ಮೂಳೆಗಿಂತ ಬಿಳಿ. ಬೀದಿನಾಯಿಯ ಬೆನ್ನುಮೂಳೆಯ ಪಕ್ಕ, ಬೆಕ್ಕಿನ ಕಣ್ಣಿನ ಗೂಡಿನ ಹಿಂದೆ, ನವಿಲಿನ ರೆಕ್ಕೆಯ ಮುರಿದ ಮೂಳೆಯ ನಡುವೆ ಅದನ್ನು ಕಂಡಿದ್ದೇನೆ. ಹೊಡೆದವರು ಕೊಲ್ಲಲೆಂದು ಹೊಡೆದಿರಬಹುದು, ಓಡಿಸಲೆಂದು ಹೊಡೆದಿರಬಹುದು. ಆ ಪ್ರಾಣಿ ಮಾತ್ರ ಸಾಯದೆ ಒದ್ದಾಡುತ್ತದೆ. ಗಾಯಕ್ಕೆ ಹುಳ ಬೀಳುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲಿಗೂ ಹೀಗೇ ಆಗುತ್ತದೆ. ಅದು ಬಿಲದೊಳಗೆ ಹೋಗಿ ಸಾಯುವುದರಿಂದ ನಮಗೆ ತಿಳಿಯುವುದಿಲ್ಲ, ಅಷ್ಟೇ. ಹೊಟ್ಟೆಗೆ ಛರ್ರಾ ಬಿದ್ದ ಇಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬದುಕಿರುತ್ತದೆ. ನೋವು ಅದಕ್ಕೂ ಆಗುತ್ತದೆ. ಅದರ ನರಮಂಡಲಕ್ಕೂ ನಾಯಿಯ ನರಮಂಡಲಕ್ಕೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೊಲ್ಲಲೇಬೇಕಾದರೆ ಒಂದೇ ಏಟಿಗೆ, ಅದಕ್ಕೆ ತಿಳಿಯುವ ಮೊದಲೇ ಮುಗಿಯಬೇಕು. ಪವರಿನ ಲೆಕ್ಕವನ್ನು ನಾನು ಇಲ್ಲಿಂದ ಶುರು ಮಾಡುತ್ತೇನೆ.

ನಮ್ಮ ದೇಶದಲ್ಲಿ ಈ ಲೆಕ್ಕದ ಮೇಲಿನ ಗೆರೆಯನ್ನು ಕಾನೂನೇ ಎಳೆದಿಟ್ಟಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಳತೆ 4.5 ಮಿಲಿಮೀಟರ್, ಅಂದರೆ ಪಾಯಿಂಟ್ 177 ಇಂಚು ದಾಟದ, ನಳಿಗೆಯ ಬಾಯಲ್ಲಿ 20 ಜೌಲ್ (ಜೌಲ್ ಅಂದರೆ ಶಕ್ತಿಯ ಅಳತೆ) ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಎರಡರಲ್ಲಿ ಯಾವುದು ಮೀರಿದರೂ ಲೈಸೆನ್ಸ್ ಬೇಕು. ಇಂಗ್ಲೆಂಡಿನಲ್ಲಿ ಇದೇ ಗೆರೆ 12 ಫುಟ್-ಪೌಂಡ್, ಅಂದರೆ ಸುಮಾರು 16 ಜೌಲ್. ಅಲ್ಲಿನ ರೈತರು ಆ ಮಿತಿಯೊಳಗಿನ ಗನ್ನಿನಲ್ಲೇ ಇಲಿ ಮಾತ್ರವಲ್ಲ, ಮೊಲವನ್ನೂ ಹೊಡೆಯುತ್ತಾರೆ. ಹೊರದೇಶದ ವಿಡಿಯೋ ನೋಡಿ "ಪಾಯಿಂಟ್ ಟೂ ಟೂನೇ ಬೇಕ್ರಿ" ಎನ್ನುವವರಿಗೆ ನಾನು ಹೇಳುವುದು: ಆ ದಪ್ಪ ಪೆಲೆಟ್ಟಿನ ಗಾಯ ದೊಡ್ಡದು ಎನ್ನುವುದು ಖರೆ, ಆದರೆ ಲೈಸೆನ್ಸ್ ಇಲ್ಲದೆ ಅದು ನಿಮ್ಮದಲ್ಲ. ಇಲಿಗೆ ಅದರ ಅಗತ್ಯವೂ ಇಲ್ಲ.

ಈಗ ಜೌಲ್. ಅರ್ಧ ಗ್ರಾಂ ತೂಕದ ಪೆಲೆಟ್ಟು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರಲ್ಲಿರುವ ಶಕ್ತಿ 10 ಜೌಲ್. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಬರುವ ಲೆಕ್ಕ ಇದು. ತೂಕವನ್ನು ಕಿಲೋಗ್ರಾಮಿನಲ್ಲಿ ಹಾಕಬೇಕು. ಅದೇ ಪೆಲೆಟ್ಟಿನ ವೇಗ 150ಕ್ಕೆ ಇಳಿದರೆ ಶಕ್ತಿ 5.6 ಜೌಲಿಗೆ ಬರುತ್ತದೆ, 280ಕ್ಕೆ ಏರಿದರೆ 19.6 ಆಗುತ್ತದೆ. 4.5 ಮಿಲಿಮೀಟರಿನ ಸಾಧಾರಣ ಸೀಸದ ಪೆಲೆಟ್ಟುಗಳು ಅರ್ಧ ಗ್ರಾಮಿನ ಆಚೀಚೆಯೇ ತೂಗುತ್ತವೆ. ಡಬ್ಬಿಯ ಮೇಲೆ ಗ್ರೇನ್ ಎಂದು ಬರೆದಿರುತ್ತಾರೆ. 8 ಗ್ರೇನ್ ಅಂದರೆ ಸುಮಾರು 0.52 ಗ್ರಾಂ.

ಗನ್ನಿನ ಡಬ್ಬಿಯ ಮೇಲೆ ಜೌಲ್ ದೊಡ್ಡದಾಗಿ ಬರೆದಿರುವುದು ಕಡಿಮೆ. ವೇಗ ಬರೆದಿರುತ್ತದೆ: ಸೆಕೆಂಡಿಗೆ ಸಾವಿರ ಫುಟ್, ಹನ್ನೊಂದು ನೂರು ಫುಟ್. ಆ ಅಂಕಿಯನ್ನು ಬಹಳ ಸಲ ತೀರಾ ಹಗುರವಾದ, ಸೀಸವಿಲ್ಲದ ಪೆಲೆಟ್ಟು ಹಾಕಿ ತೆಗೆದಿರುತ್ತಾರೆ. ಹಗುರ ಪೆಲೆಟ್ಟು ನಳಿಗೆಯಿಂದ ಜೋರಾಗಿ ಹೊರಟು ಗಾಳಿಯಲ್ಲಿ ಬೇಗ ಸೋಲುತ್ತದೆ. ಅದಲ್ಲದೆ ಶಬ್ದದ ವೇಗದ ಹತ್ತಿರ ಹೋದ ಪೆಲೆಟ್ಟು ಅಲುಗಾಡುತ್ತದೆ, ಗುರಿ ಚದುರುತ್ತದೆ. ಶಬ್ದದ ವೇಗ ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 355 ಮೀಟರ್, ಚಳಿಗಾಲದ ಬೆಳಗಿನಲ್ಲಿ ಅದಕ್ಕಿಂತ ಕಡಿಮೆ. ಅಂಗಡಿಯವರ ಹತ್ತಿರ ನೀವು ಕೇಳಬೇಕಾದದ್ದು ಇಷ್ಟು: ನಾನು ದಿನಾ ಬಳಸುವ 8 ಗ್ರೇನಿನ ಸೀಸದ ಪೆಲೆಟ್ಟಿಗೆ ಇದು ಎಷ್ಟು ವೇಗ ಕೊಡುತ್ತದೆ? ಉತ್ತರ ಬಂದರೆ ಮೇಲಿನ ಲೆಕ್ಕ ನೀವೇ ಹಾಕಬಹುದು. ಗೊತ್ತಿರುವ ಶೂಟಿಂಗ್ ಕ್ಲಬ್ಬಿನಲ್ಲಿ ಕ್ರೋನೋಗ್ರಾಫ್, ಅಂದರೆ ಪೆಲೆಟ್ಟಿನ ವೇಗ ಅಳೆಯುವ ಯಂತ್ರ, ಇದ್ದರೆ ಒಮ್ಮೆ ಅಳೆಸಿಕೊಳ್ಳಿ.

ಇನ್ನೊಂದು ಮಾತು: ನಳಿಗೆಯ ಬಾಯಲ್ಲಿರುವ ಶಕ್ತಿ ಇಲಿಗೆ ಮುಟ್ಟುವುದಿಲ್ಲ. ನಡುವೆ ಗಾಳಿ ತನ್ನ ಪಾಲು ತಿನ್ನುತ್ತದೆ. ಸೆಕೆಂಡಿಗೆ 240 ಮೀಟರ್ ವೇಗದಲ್ಲಿ, ಸುಮಾರು 16 ಜೌಲಿನೊಂದಿಗೆ ಹೊರಟ ಒಳ್ಳೆಯ ಪೆಲೆಟ್ಟು ಹತ್ತು ಮೀಟರಿಗೆ ಹತ್ತರಲ್ಲಿ ಒಂದು ಭಾಗದಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಮೂವತ್ತು ಮೀಟರಿಗೆ ಸುಮಾರು ಕಾಲು ಭಾಗ. ಗೋದಾಮಿನಲ್ಲಿ ನಾವು ಹೊಡೆಯುವುದು ಎಂಟರಿಂದ ಹದಿನೈದು ಮೀಟರಿನ ಒಳಗೆ. ಅಷ್ಟು ಹತ್ತಿರದಲ್ಲಿ ಗಾಳಿಯ ನಷ್ಟ ದೊಡ್ಡದಲ್ಲ, ಸಾಧಾರಣ ಗನ್ನಿನಲ್ಲೂ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ. ಹಾಗಾದರೆ ಅಷ್ಟೊಂದು ಇಲಿಗಳು ಗಾಯಗೊಂಡು ಓಡಿಹೋಗುವುದು ಏಕೆ?

ಇಲಿಯ ತಲೆಯೊಳಗೆ ಏನಿದೆ ಎಂದು ನೋಡದೆ ಹೊಡೆಯುವುದರಿಂದ.

ಇಲಿಯ ಮೆದುಳು ಸುಮಾರು ಎರಡು ಗ್ರಾಂ ತೂಗುತ್ತದೆ, ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಪಕ್ಕದಿಂದ ನೋಡಿದರೆ ಅದು ಕಣ್ಣಿನ ಹಿಂದಿನಿಂದ ಶುರುವಾಗಿ ಕಿವಿಯ ಬುಡ ದಾಟಿ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಮೂತಿ, ಮೀಸೆ, ಹಲ್ಲು ಇರುವ ಮುಂದಿನ ಅರ್ಧ ತಲೆಯಲ್ಲಿ ಮೆದುಳೇ ಇಲ್ಲ. ಕತ್ತಲಲ್ಲಿ ಟಾರ್ಚಿಗೆ ಹೊಳೆಯುವುದು ಕಣ್ಣು, ಹಾಗಾಗಿ ಕೈ ತಾನಾಗಿಯೇ ಕಣ್ಣಿಗೆ ಗುರಿ ಇಡುತ್ತದೆ. ಒಂದು ಸೆಂಟಿಮೀಟರ್ ಮುಂದೆ ಸರಿದರೆ ದವಡೆ ಒಡೆದು ಇಲಿ ಓಡುತ್ತದೆ. ದವಡೆ ಒಡೆದ ಇಲಿ ತಿನ್ನಲಾರದೆ, ಕುಡಿಯಲಾರದೆ ಸಾಯುತ್ತದೆ. ನಾನು ಹೇಳಿಕೊಡುವ ಜಾಗ ಕಣ್ಣು ಮತ್ತು ಕಿವಿಯ ನಡುವೆ, ಕಿವಿಯ ಬುಡಕ್ಕೆ ಹತ್ತಿರ. ಇಲಿ ಬೆನ್ನು ತಿರುಗಿಸಿ ಕೂತಿದ್ದರೆ ಎರಡು ಕಿವಿಗಳ ನಡುವೆ, ತಲೆ ಕತ್ತಿಗೆ ಸೇರುವಲ್ಲಿ. ಉಸಿರಾಟ, ಎದೆಬಡಿತ ನಡೆಸುವ ಮೆದುಳಿನ ಬುಡ ಅಲ್ಲೇ ಇದೆ. ಎದುರಿಗೆ ಮುಖ ಮಾಡಿದ್ದರೆ ಹೊಡೆಯಬೇಡಿ. ಎದೆಗೂಡಿನ ಏಟು, ಮುಂಗಾಲಿನ ಹಿಂದೆ, ಹೃದಯಕ್ಕೆ ಸರಿಯಾಗಿ ಬಿದ್ದರೂ ಇಲಿ ಕೆಲವು ಸೆಕೆಂಡು ಓಡುತ್ತದೆ. ಆ ಕೆಲವು ಸೆಕೆಂಡು ಅದಕ್ಕೆ ಬಿಲ ಸೇರಲು ಸಾಕು. ಆದ್ದರಿಂದ ಗೋದಾಮಿನಲ್ಲಿ ನಾನು ತಲೆಯ ಏಟನ್ನು ಮಾತ್ರ ಒಪ್ಪುತ್ತೇನೆ.

ಅಂದರೆ ನೀವು ಹೊಡೆಯಬೇಕಾದದ್ದು ಒಂದು ರೂಪಾಯಿ ನಾಣ್ಯದಷ್ಟು ಜಾಗ. ಪವರಿನ ಪ್ರಶ್ನೆ ಆ ನಾಣ್ಯದ ಆಚೆಗೆ ಶುರುವಾಗುತ್ತದೆ: ಅಲ್ಲಿ ಬಿದ್ದ ಪೆಲೆಟ್ಟು ತಲೆಬುರುಡೆ ಸೀಳಿ ಮೆದುಳಿನ ಆಳಕ್ಕೆ ಹೋಗಬೇಕು, ಅಷ್ಟು ಶಕ್ತಿ ಬೇಕು. ನನ್ನ ಅನುಭವದಿಂದ ನಾನು ಇಟ್ಟುಕೊಂಡ ಅಂಕಿ ಹೇಳುತ್ತೇನೆ, ಇದು ಕಾನೂನಲ್ಲ. ನೂರೈವತ್ತು, ಇನ್ನೂರು ಗ್ರಾಮಿನ ಮನೆ ಇಲಿಗೆ ಮುಟ್ಟುವಾಗ ಐದು ಜೌಲಿಗಿಂತ ಕಡಿಮೆ ಇರಬಾರದು. ಹೆಗ್ಗಣಕ್ಕೆ ಎಂಟು. ದೊಡ್ಡ ಹೆಗ್ಗಣ ಮುಕ್ಕಾಲು ಕಿಲೋ ದಾಟುತ್ತದೆ, ಅದರ ಬುರುಡೆ ದಪ್ಪ, ಅದರ ಮೇಲೆ ಮಾಂಸವೂ ದಪ್ಪ. ಮನೆ ಇಲಿಗೆ ಸಾಕಾದದ್ದು ಅದಕ್ಕೆ ಸಾಲುವುದಿಲ್ಲ. ಸ್ಪರ್ಧೆಯ 10 ಮೀಟರ್ ಏರ್ ರೈಫಲ್ಲುಗಳು ನಳಿಗೆಯಲ್ಲಿ ಸುಮಾರು 7.5 ಜೌಲ್ ಕೊಡುತ್ತವೆ. ಹತ್ತು ಮೀಟರಿನೊಳಗೆ ಮನೆ ಇಲಿಯ ತಲೆಗೆ ಅದು ಸಾಲುತ್ತದೆ, ಹೆಗ್ಗಣಕ್ಕೆ ನಾನು ಅದನ್ನು ಎತ್ತುವುದಿಲ್ಲ.

ಇದರಿಂದ ಕೊಳ್ಳುವವರಿಗೆ ಸಿಗುವ ಉತ್ತರ ಸರಳ. ಗೋದಾಮಿನೊಳಗೆ ಇಲಿಗೆ ನಳಿಗೆಯಲ್ಲಿ 10ರಿಂದ 12 ಜೌಲ್ ಕೊಡುವ ಗನ್ ಸಾಕು. ಹೆಗ್ಗಣವೂ ಇದೆ, ಅಂಗಳದಲ್ಲಿ ಇಪ್ಪತ್ತು ಮೀಟರಿನ ಏಟೂ ಬೇಕು ಅಂದರೆ 15, 16. ಅದರ ಮೇಲೆ 20ರ ಗೆರೆಯವರೆಗೆ ಹೋಗಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಜೋರಿನ ಗನ್ ಇರಲಿ ಎನ್ನುವವರು ಇಲ್ಲಿ ನಿಲ್ಲುತ್ತಾರೆ. ಪವರ್ ಹೆಚ್ಚಾದರೆ ತಪ್ಪು ಜಾಗಕ್ಕೆ ಬಿದ್ದರೂ ಸಾಯುತ್ತದೆ ಅಲ್ಲವೇ ಎಂದು ಕೇಳುತ್ತಾರೆ. ಸಾಯುವುದಿಲ್ಲ. ಏರ್‌ಗನ್ನಿನ ಪೆಲೆಟ್ಟು ಬಂದೂಕಿನ ಗುಂಡಿನಂತೆ ಸುತ್ತಲಿನ ಮಾಂಸವನ್ನು ಹರಿದು ಹಾಕುವುದಿಲ್ಲ. ತನ್ನ ದಪ್ಪದಷ್ಟೇ ತೂತು ಕೊರೆದು ಹೋಗುತ್ತದೆ. 4.5 ಮಿಲಿಮೀಟರ್ ತೂತು ಹೊಟ್ಟೆಯಲ್ಲಿ ಬಿದ್ದರೆ 10 ಜೌಲಾದರೂ 20 ಜೌಲಾದರೂ ಇಲಿ ಓಡುತ್ತದೆ. ಹೆಚ್ಚಿದ ಶಕ್ತಿ ಇಲಿಯನ್ನು ದಾಟಿ ಆಚೆಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಆಚೆಗೆ ಏನಿದೆ? ನಮ್ಮ ಕಡೆಯ ಗೋದಾಮುಗಳ ನೆಲ ಶಹಾಬಾದ್ ಕಲ್ಲು, ಮೇಲೆ ತಗಡು, ಸುತ್ತ ಮಿಲ್ಲಿನ ಕಬ್ಬಿಣ. ಶಹಾಬಾದ್ ಫರ್ಸಿಗೆ ಓರೆಯಾಗಿ ಬಿದ್ದ ಪೆಲೆಟ್ಟು ಸಪಾಟಾಗಿ ಚಪ್ಪಟೆಯಾಗಿ ಅದೇ ಎತ್ತರದಲ್ಲಿ ಜಾರಿಕೊಂಡು ಮುಂದೆ ಹೋಗುತ್ತದೆ, ಗೋಡೆಗೆ ಬಡಿದು ಎಲ್ಲಿಗೆ ತಿರುಗುತ್ತದೆಂದು ಹೇಳಲಾಗುವುದಿಲ್ಲ. ಚೀಲಗಳ ಮರೆಯಲ್ಲಿ ಹಮಾಲರು ಮಲಗಿರುತ್ತಾರೆ. ಹೊರಗೆ ಹಂತಿಯ ಬಯಲಿನಲ್ಲಿ ಕಾಳು ಹರವಿದ ಹೆಣ್ಣುಮಕ್ಕಳಿರುತ್ತಾರೆ. ಕಲ್ಲಿಗೆ, ತಗಡಿಗೆ ಹೊಡೆಯಲೇಬಾರದು. ಉಕ್ಕಿನ ಬಿಬಿ ಗುಂಡುಗಳನ್ನಂತೂ ಒಳಗೇ ತರಬಾರದು, ಅವು ಚಪ್ಪಟೆಯಾಗದೆ ಬಂದ ದಾರಿಯಲ್ಲೇ ವಾಪಸ್ ಬರುತ್ತವೆ.

ಗನ್ನಿನದೇ ಇನ್ನೊಂದು ಕಾರಣ ಇದೆ. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದು ನಳಿಗೆ ಮುರಿದು ಸ್ಪ್ರಿಂಗ್ ಎಳೆಯುವ ಮಾದರಿ. ಘೋಡಾ ಒತ್ತಿದ ಕೂಡಲೇ ಒಳಗಿನ ಪಿಸ್ಟನ್ ಮುಂದೆ ಹಾರಿ ಬಡಿಯುತ್ತದೆ, ಗನ್ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಒದೆಯುತ್ತದೆ, ಇಷ್ಟೆಲ್ಲ ಪೆಲೆಟ್ಟು ನಳಿಗೆ ಬಿಡುವ ಮೊದಲೇ ನಡೆಯುತ್ತದೆ. ಸ್ಪ್ರಿಂಗ್ ಜೋರಾದಷ್ಟೂ ಈ ಒದೆತ ಜೋರು, ಗುರಿ ಅಷ್ಟು ಚದುರುತ್ತದೆ. ಇಂಥ ಗನ್ನನ್ನು ಬಿಗಿಯಾಗಿ ಹಿಡಿಯಬಾರದು. ಮುಂದಿನ ಕೈಯ ಅಂಗೈ ಮೇಲೆ ಸಡಿಲವಾಗಿ ಕೂತಿರಬೇಕು, ಪ್ರತಿ ಸಲ ಅದೇ ಜಾಗದಲ್ಲಿ. ಚೀಲದ ಮೇಲೋ ಕಟ್ಟೆಯ ಮೇಲೋ ನೇರ ಒತ್ತಿ ಇಟ್ಟರೆ ಏಟು ಬೇರೆ ಕಡೆ ಹೋಗುತ್ತದೆ. ಹನ್ನೆರಡು ಜೌಲಿನ ಗನ್ನಿನಲ್ಲಿ ನಾಣ್ಯಕ್ಕೆ ಹೊಡೆಯುವ ಮನುಷ್ಯ ಇಪ್ಪತ್ತರ ಗನ್ನಿನಲ್ಲಿ ತಟ್ಟೆಗೆ ಹೊಡೆಯುವುದನ್ನು ಕಣ್ಣಾರೆ ನೋಡಿದ್ದೇನೆ. ಗಾಳಿ ತುಂಬಿಟ್ಟು ಹೊಡೆಯುವ ಪಿಸಿಪಿ ಗನ್ನುಗಳಿಗೆ ಈ ಒದೆತ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದುಡ್ಡಿದ್ದವರು ಪವರಿಗೆ ಖರ್ಚು ಮಾಡುವ ಬದಲು ಇದಕ್ಕೆ ಮಾಡಲಿ. ಗಾಳಿ ತುಂಬಲು ಪಂಪ್ ಬೇಕು, ದಾಲ್ ಮಿಲ್ಲಿನ ಧೂಳಿನಿಂದ ಅದರ ಬಾಯಿ ಕಾಪಾಡಬೇಕು.

ಪರೀಕ್ಷೆ ಹೀಗೆ ಮಾಡಿ. ಹೊಡೆಯಬೇಕೆಂದಿರುವ ದೂರವನ್ನು ಟೇಪ್ ಹಿಡಿದು ಅಳೆಯಿರಿ. ಕಾಗದದ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಸುತ್ತ ಗೆರೆ ಎಳೆಯಿರಿ. ಗೋದಾಮಿನಲ್ಲಿ ಹೇಗೆ ಕೂತು ಹೊಡೆಯುತ್ತೀರೋ ಹಾಗೇ ಕೂತು, ಅದೇ ಟಾರ್ಚಿನ ಬೆಳಕಿನಲ್ಲಿ ಹೊಡೆಯಿರಿ. ಹತ್ತಕ್ಕೆ ಹತ್ತೂ ಗೆರೆಯೊಳಗೆ ಬಿದ್ದರೆ ಆ ದೂರ ನಿಮ್ಮದು. ಒಂದು ಹೊರಗೆ ಹೋದರೂ ಎರಡು ಮೀಟರ್ ಮುಂದೆ ಬನ್ನಿ, ಮತ್ತೆ ಹೊಡೆಯಿರಿ. "ಹತ್ತರಾಗ ಎಂಟ್ ಬಿದ್ದಾವಲ್ರಿ, ಸಾಕಲ್ಲ" ಎಂದು ಮಾವನ ಮಗ ವಾದ ಮಾಡಿದ. ಉಳಿದ ಎರಡು ಯಾರ ದವಡೆಗೆ ಹೋಗಬೇಕೋ ತಮ್ಮಾ, ಅಂದೆ. ಅವನು ಎಂಟು ಮೀಟರಿಗೆ ಬಂದ. ಈಗ ಅವನು ಒಳ್ಳೆಯ ಹೊಡೆತಗಾರ, ಎಂಟು ಮೀಟರಿನಲ್ಲಿ.

ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಹಾಕಿಕೊಂಡವರು ಇದನ್ನು ಗಮನವಿಟ್ಟು ಓದಿ, ಗೋದಾಮಿನ ಎಷ್ಟೋ ಗಾಯಗಳ ಮೂಲ ಇಲ್ಲಿದೆ. ಸ್ಕೋಪು ನಳಿಗೆಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಮೇಲೆ ಕೂತಿರುತ್ತದೆ. 15-16 ಜೌಲಿನ ಗನ್ನನ್ನು ಇಪ್ಪತ್ತು ಮೀಟರಿಗೆ ಸರಿ ಮಾಡಿಟ್ಟರೆ ಹದಿನೈದರಿಂದ ಇಪ್ಪತ್ತೈದರವರೆಗೂ ಅದು ಹೆಚ್ಚುಕಡಿಮೆ ಗುರಿಗೇ ಬೀಳುತ್ತದೆ. ಆದರೆ ಹತ್ತು ಮೀಟರಿಗೆ ಸುಮಾರು ಒಂದು ಸೆಂಟಿಮೀಟರ್ ಕೆಳಗೆ, ಐದು ಮೀಟರಿಗೆ ಎರಡಕ್ಕೂ ಹೆಚ್ಚು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಎರಡು ಸೆಂಟಿಮೀಟರ್ ಅಂದರೆ ಇಲಿಯ ಪೂರ್ತಿ ಮೆದುಳು. "ಇಷ್ಟ್ ಹತ್ತಿರ ಅದ, ತಪ್ಪಲಾಕ ಸಾಧ್ಯನೇ ಇಲ್ಲ" ಎಂದುಕೊಂಡು ಹೊಡೆದ ಏಟು ಗಂಟಲಿಗೆ, ಕಾಲಿಗೆ ಬೀಳುವುದು ಹೀಗೆ. ಐದು, ಎಂಟು, ಹತ್ತು, ಹನ್ನೆರಡು ಮೀಟರಿಗೆ ಬೇರೆ ಬೇರೆ ಕಾಗದ ಹೊಡೆದು, ಎಷ್ಟು ಮೇಲೆ ಹಿಡಿಯಬೇಕೆಂದು ಚೀಟಿ ಬರೆದು ಗನ್ನಿನ ಹಿಡಿಗೆ ಅಂಟಿಸಿ.

ಇದಕ್ಕಿಂತ ಒಳ್ಳೆಯದು, ಇಲಿಯನ್ನೇ ನಿಮ್ಮ ದೂರಕ್ಕೆ ಕರೆಯುವುದು. ಮಾವನ ಮಿಲ್ಲಿನಲ್ಲಿ ನಾವು ಮಾಡುವುದು ಹೀಗೇ. ಗೋಡೆಯ ಮೂಲೆಯಲ್ಲಿ ದಪ್ಪ ಹಲಗೆ, ಅದರ ಹಿಂದೆ ಮಣ್ಣು ತುಂಬಿದ ಚೀಲಗಳು. ಹಲಗೆಯ ಮುಂದೆ ಬೆಲ್ಲಕ್ಕೆ ಸೇಂಗಾ ಹಿಂಡಿ ಕಲಸಿ ಇಡುತ್ತೇವೆ, ಕಲ್ಲಿಗೆ ಒತ್ತಿ ಹಚ್ಚಿ, ಇಲಿ ಕಚ್ಚಿಕೊಂಡು ಓಡದೆ ಅಲ್ಲೇ ಕೂತು ನೆಕ್ಕುವ ಹಾಗೆ. ಮೊದಲ ಕೆಲವು ರಾತ್ರಿ ಬರೀ ತಿನ್ನಿಸುವುದು, ಹೊಡೆಯುವುದಿಲ್ಲ. ಇಲಿಗೆ ಹೊಸ ವಸ್ತುವಿನ ಭಯ ಜಾಸ್ತಿ. ನಂಬಿಕೆ ಬರಲು ಸಮಯ ಬೇಕು. ಕೂರುವ ಜಾಗಕ್ಕೆ ಗೆರೆ ಹಾಕಿದ್ದೇವೆ, ಅಲ್ಲಿಂದ ಹಲಗೆಗೆ ಅಳೆದ ದೂರ. ಕೆಂಪು ಬೆಳಕು ಇಲಿಯ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಟಾರ್ಚಿಗೆ ಕೆಂಪು ಗಾಜು. ಇಲಿ ಬರುತ್ತದೆ, ಪಕ್ಕ ತಿರುಗಿ ಕೂರುತ್ತದೆ, ತಿನ್ನಲು ಶುರು ಮಾಡುತ್ತದೆ, ತಲೆ ಅಲುಗುವುದು ನಿಲ್ಲುತ್ತದೆ. ಆಗ. ದೂರ, ಹಿನ್ನೆಲೆ, ಭಂಗಿ ಎಲ್ಲವೂ ಮೊದಲೇ ನಾವು ಆರಿಸಿಕೊಂಡದ್ದು. ಚೀಲದ ಥಪ್ಪಿಯ ಮೇಲೆ ಓಡುವ ಇಲಿಗೆ ಯಾರೂ ಗನ್ ಎತ್ತಬಾರದು ಎನ್ನುವುದು ಮಿಲ್ಲಿನ ನಿಯಮ. ರಾತ್ರಿಯಿಡೀ ಕೂತು ಒಂದೂ ಹೊಡೆಯದೆ ಎದ್ದು ಬಂದರೂ ಪರವಾಗಿಲ್ಲ.

ಪೆಲೆಟ್ಟಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹದಿನೈದು ಮೀಟರಿನೊಳಗೆ ಚಪ್ಪಟೆ ತಲೆಯದು ಚೆನ್ನ, ಅದಕ್ಕಿಂತ ದೂರಕ್ಕೆ ಗುಂಡು ತಲೆಯದು. ಚೂಪು ತಲೆಯದು ಆಳಕ್ಕೆ ಹೋಗುತ್ತದೆಂದು ಮಾರುತ್ತಾರೆ. ಗುರಿಯಲ್ಲಿ ಅದು ಬಹಳ ಸಲ ಹಿಂದೆ ಬೀಳುತ್ತದೆ. ಎರಡು ಮೂರು ಬಗೆಯದು ತಂದು ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೋ ಅದನ್ನು ಇಟ್ಟುಕೊಳ್ಳಿ.

ಹೊಡೆದ ಮೇಲೆ ಏನಾಗುತ್ತದೆಂದು ಮೊದಲೇ ತಿಳಿದಿರಲಿ. ಮೆದುಳಿಗೆ ಸರಿಯಾಗಿ ಬಿದ್ದ ಇಲಿ ಸುಮ್ಮನೆ ಬೀಳುವುದಿಲ್ಲ. ಕಾಲು ಝಾಡಿಸುತ್ತದೆ, ಕೆಲವೊಮ್ಮೆ ಮೇಲಕ್ಕೆ ಎಗರುತ್ತದೆ. ವಾಚ್‌ಮನ್ ಹೆದರಿ "ಸಾಬ್, ಬಡದದ ಖರೆ, ಆದ್ರ ಸಾಯವಲ್ದು" ಎನ್ನುತ್ತಾನೆ. ಅದು ಬೆನ್ನುಹುರಿಯ ತಾನೇತಾನಾದ ಅಲುಗಾಟ, ಅರಿವು ಆಗಲೇ ಹೋಗಿರುತ್ತದೆ. ಗೊತ್ತುಮಾಡಿಕೊಳ್ಳಲು ಉದ್ದನೆಯ ಕಡ್ಡಿಯ ತುದಿಯಿಂದ ಕಣ್ಣುಗುಡ್ಡೆ ಮುಟ್ಟಿ. ರೆಪ್ಪೆ ಮಿಟುಕಿದರೆ ಜೀವ ಇದೆ. ತಡಮಾಡದೆ ಹತ್ತಿರದಿಂದ ಎರಡನೆಯ ಏಟು. ಅದಕ್ಕೇ ಎರಡನೆಯ ಪೆಲೆಟ್ಟು ತುಂಬಿ ಕೈಯಲ್ಲಿ ಗನ್ ಹಿಡಿದೇ ಹತ್ತಿರ ಹೋಗಬೇಕು.

ಇಷ್ಟೆಲ್ಲ ಕಷ್ಟ ಏಕೆ, ಪಾಷಾಣ ಇಡಬಾರದೇ ಎಂದು ಕೇಳುವವರೂ ಇದ್ದಾರೆ. ಬ್ರೋಮಡಿಯೋಲೋನ್ ಎನ್ನುವ ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಗುಣ ಕೆಟ್ಟು, ಒಳಗೊಳಗೇ ರಕ್ತ ಸೋರಿ, ಮೂರ್ನಾಲ್ಕು ದಿನದಿಂದ ಒಂದು ವಾರ ತೆಗೆದುಕೊಳ್ಳುತ್ತದೆ. ಆ ದಿನಗಳಲ್ಲಿ ನಿಧಾನವಾದ ಇಲಿಯನ್ನು ಗೂಬೆ ಹಿಡಿಯುತ್ತದೆ, ಬೆಕ್ಕು ಹಿಡಿಯುತ್ತದೆ, ವಿಷ ಅವಕ್ಕೂ ಹೋಗುತ್ತದೆ. ಜಿಂಕ್ ಫಾಸ್ಫೈಡ್ ಬೇಗ ಕೊಲ್ಲುತ್ತದೆ, ಹೊಟ್ಟೆಯೊಳಗೆ ವಿಷಾನಿಲ ಬಿಟ್ಟು. ಆಹಾರಧಾನ್ಯದ ಪಕ್ಕ ಅದನ್ನು ಇಡಲು ನನಗೆ ಮನಸ್ಸಿಲ್ಲ. ಅಂಟಿನ ಹಾಳೆಯ ಬಗ್ಗೆ ನಾನು ಬರೆಯಲೂ ಬಯಸುವುದಿಲ್ಲ. ಚರ್ಮ ಕಿತ್ತುಕೊಂಡು ಬೆಳಗಿನವರೆಗೆ ಕೂಗುವ ಇಲಿಯನ್ನು ನೋಡಿದವರು ಅದನ್ನು ಮತ್ತೆ ಕೊಳ್ಳಲಾರರು. ಗಟ್ಟಿ ಸ್ಪ್ರಿಂಗಿನ, ಕತ್ತು ಮುರಿಯುವ ಬೋನು ಒಳ್ಳೆಯದು, ಗನ್ನಿಗಿಂತ ಕಡಿಮೆಯಲ್ಲ. ಗನ್ ಬೇಕಾಗುವುದು ಬೋನಿಗೆ ಬೀಳದೆ ಉಳಿದ ಜಾಣ ಇಲಿಗಳಿಗೆ, ಹೆಗ್ಗಣಗಳಿಗೆ.

ಅದೂ ಬಿಲ ಮುಚ್ಚಿದ ಮೇಲೆ. ಇಲಿಯ ಗರ್ಭ ಮೂರು ವಾರದ್ದು, ಒಂದು ಸೂಲಿಗೆ ಆರೆಂಟು ಮರಿ. ಗನ್ ಹಿಡಿದು ಅದನ್ನು ಓಡಿ ಗೆಲ್ಲಲಾಗುವುದಿಲ್ಲ. ಬೆರಳು ತೂರುವ ಸಂದು ಇಲಿಗೆ ಬಾಗಿಲು. ಫರ್ಸಿಯ ಸಂದುಗಳಿಗೆ ಸಿಮೆಂಟು ತುಂಬಿಸಿ, ಶಟರಿನ ಕೆಳಗೆ ತಗಡಿನ ಪಟ್ಟಿ ಹೊಡೆಸಿ, ಚೀಲಗಳನ್ನು ಗೋಡೆಯಿಂದ ಒಂದು ಮೊಳ ದೂರ, ಹಲಗೆಯ ಮೇಲೆ ಥಪ್ಪಿ ಹಾಕಿ. ಹಾಲೂಡುವ ತಾಯಿಯನ್ನು ಕೊಂದರೆ ಮರಿಗಳು ಬಿಲದಲ್ಲಿ ಹಸಿದು ಸಾಯುತ್ತವೆ, ಇದು ನನ್ನನ್ನು ಕಾಡುವ ವಿಷಯ. ಹೊಡೆದ ಹೆಣ್ಣಿಲಿಯ ಮೊಲೆಗಳ ಸುತ್ತ ಕೂದಲು ಉದುರಿ ಉಬ್ಬಿದ್ದರೆ, ಅದೇ ರಾತ್ರಿ ಬಿಲ ಹುಡುಕಿ ಅಗೆಸುತ್ತೇವೆ. ಮರಿ ಸಿಕ್ಕರೆ ಅವಕ್ಕೂ ಬೇಗ ಮುಕ್ತಿ ಕೊಡುವ ಕೆಲಸ ನಾನೇ ಮಾಡುತ್ತೇನೆ, ಹುಡುಗರಿಗೆ ಬಿಡುವುದಿಲ್ಲ.

ಮತ್ತೆ, ಇಲಿಗೆ ಅಂತ ತಂದ ಗನ್ ಇಲಿಗೇ ಇರಲಿ. ಹೊಲದಲ್ಲಿ ತೊಗರಿ ತುಳಿಯುವ ಚಿಗರಿ (ಕೃಷ್ಣಮೃಗ), ಮೊಳಕೆ ಕೀಳುವ ನವಿಲು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹೊಡೆದರೆ ಮೂರರಿಂದ ಏಳು ವರ್ಷ ಜೈಲು. ಮೊಲ, ಗಿಳಿ, ಗೌಜಲಕ್ಕಿಗೂ ರಕ್ಷಣೆ ಇದೆ. ಹಂದಿಗೆ ಏರ್‌ಗನ್ ಹೊಡೆಯುವುದು ಕಾನೂನಿಗೂ ವಿರುದ್ಧ, ಲೆಕ್ಕಕ್ಕೂ ವಿರುದ್ಧ: ಅದರ ಚರ್ಮದಲ್ಲಿ ಛರ್ರಾ ಸಿಕ್ಕಿ ಕೀವಾಗುತ್ತದೆ, ಅಷ್ಟೇ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರ ಕೇಳಿ. ಕಾಗೆ, ಬಾವಲಿ, ಇಲಿಗಳನ್ನು ಉಪದ್ರವಿಗಳೆಂದು ಪಟ್ಟಿ ಮಾಡಿದ್ದ ಹಳೆಯ ಐದನೆಯ ಅನುಸೂಚಿಯನ್ನು 2022ರ ತಿದ್ದುಪಡಿ ತೆಗೆದುಹಾಕಿದೆ. "ಕಾಗಿ ಹೊಡದ್ರ ನಡೀತದ" ಎನ್ನುವವರಿಗೆ ಆ ಪಟ್ಟಿಯ ಆಸರೆ ಈಗ ಇಲ್ಲ. ಮಂಗನಿಗೆ, ನಾಯಿಗೆ ಓಡಿಸಲೆಂದು ಹೊಡೆಯುವವರಿಗೆ ನಾನು ಮೇಲೆ ಹೇಳಿದ ಎಕ್ಸ್‌ರೇಗಳನ್ನು ತೋರಿಸಬಲ್ಲೆ. ಪಾರಿವಾಳಕ್ಕೆ ಬಲೆ ಕಟ್ಟಿಸಿ, ತಗಡಿನ ಕೆಳಗೆ ಗನ್ ಎತ್ತಬೇಡಿ.

ಕೊನೆಗೆ ಸೀಸದ ವಿಷಯ, ಇದನ್ನು ಯಾರೂ ಕೇಳುವುದಿಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿದೆ. ಆ ಬೇಳೆಯ ಚೀಲದ ದಿಕ್ಕಿಗೆ ಸೀಸ ಹಾರಿಸುವುದು ನನಗೆ ಒಪ್ಪಿಗೆಯಿಲ್ಲ. ಹಲಗೆ, ಮಣ್ಣಿನ ಚೀಲ ಇಟ್ಟದ್ದು ಅದಕ್ಕೂ ಹೌದು. ಹೊಡೆದ ಪೆಲೆಟ್ಟುಗಳನ್ನು ಎಣಿಸಿ, ಹಲಗೆಯಿಂದ ಹೊರತೆಗೆದು ಡಬ್ಬಿಯಲ್ಲಿ ಹಾಕಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಇಲಿಜ್ವರ ಅದರ ಮೂತ್ರದಿಂದ ಬರುತ್ತದೆ. ಕೈಗವಸು ಹಾಕಿಕೊಂಡು ಎರಡು ಅಡಿ ಆಳಕ್ಕೆ ಹೂಳಿ, ಒಳಗಿನ ಸೀಸ ಗೂಬೆಗೂ ನಾಯಿಗೂ ಸಿಗದ ಹಾಗೆ. ಮರುದಿನ ಗುಡಿಸಿದ ಕಸ, ನುಚ್ಚು, ಹೊಟ್ಟು ದನಕ್ಕೆ ಹಾಕುವ ರೂಢಿ ನಮ್ಮಲ್ಲಿ ಎಲ್ಲ ಮಿಲ್ಲಿನಲ್ಲೂ ಇದೆ. ಗನ್ ಹೊಡೆದ ಮೂಲೆಯ ಕಸವನ್ನು ಮಾತ್ರ ಬೇರೆ ಮಾಡಿ ಬಿಸಾಡಿ. ದನ ಮೇವಿನ ಜೊತೆ ಏನನ್ನೂ ಆರಿಸದೆ ನುಂಗುತ್ತದೆ. ಸೀಸ ಹೊಟ್ಟೆ ಸೇರಿದರೆ ಕಣ್ಣು ಮಂಜಾಗುತ್ತದೆ, ಹಲ್ಲು ಕಡಿಯುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಆ ಹಂತಕ್ಕೆ ಬಂದ ಮೇಲೆ ನನ್ನನ್ನು ಕರೆಸಿದರೆ ನಾನು ಮಾಡಬಹುದಾದದ್ದು ಬಹಳ ಕಡಿಮೆ.